ಪೆಟ್ಟಿಗೆ ಅದಲು ಬದಲು ಮಾಡುವ ಮೊದಲು ಮರಿ ಎಲ್ಲಿದೆ ನೋಡಿ

ಚಳಿಗಾಲ ಮುಗಿಯುವ ಹೊತ್ತಿಗೆ ಜೇನು ಸಾಕುವವರ ನಡುವೆ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ‘ಮೇಲಿನ ಪೆಟ್ಟಿಗೆ ಕೆಳಗಿಟ್ಟು, ಕೆಳಗಿನದನ್ನು ಮೇಲಿಡೋದು ಯಾವಾಗ?’ ಕೆಲವರು ನೇರವಾಗಿ ತಾರೀಖನ್ನೇ ಕೇಳುತ್ತಾರೆ. ತಾರೀಖು ಹೇಳಿಬಿಟ್ಟರೆ ನನಗೂ ಸುಲಭ, ನಿಮಗೂ ಸುಲಭ. ಆದರೆ ಜೇನಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಅದಕ್ಕೇ ಬೇರೆ ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ: ಈಗ ಮರಿ, ಅಂದರೆ ಇನ್ನೂ ನೊಣವಾಗದೆ ಕೋಶದಲ್ಲೇ ಬೆಳೆಯುತ್ತಿರುವ ಎಳೆಯ ಜೇನು, ಯಾವ ಪೆಟ್ಟಿಗೆಯಲ್ಲಿದೆ? ಇದಕ್ಕೆ ಉತ್ತರ ಗೊತ್ತಾದರೆ ಅದಲು ಬದಲು ಮಾಡಬೇಕೋ ಬೇಡವೋ ಅನ್ನುವುದು ಮುಕ್ಕಾಲು ಪಾಲು ಬಗೆಹರಿಯುತ್ತದೆ.

ಯಾವ ಗೂಡಿನ ಬಗ್ಗೆ ಮಾತಾಡುತ್ತಿದ್ದೇನೆ ಅಂತ ಮೊದಲೇ ಹೇಳಿಬಿಡುತ್ತೇನೆ. ಏಪಿಸ್ ಮೆಲಿಫೆರಾ, ಅಂದರೆ ಯುರೋಪಿಯನ್ ಜೇನು. ಲ್ಯಾಂಗ್‌ಸ್ಟ್ರಾತ್ ಮಾದರಿಯ ಎರಡು ಆಳದ ಪೆಟ್ಟಿಗೆ, ಒಂದರ ಮೇಲೊಂದು, ಎರಡೂ ಸಂಸಾರ ಕೋಣೆಗಳೇ, ಅಂದರೆ ಮರಿ ಬೆಳೆಯುವ ಕೋಣೆಗಳು. ವಾರಗಟ್ಟಲೆ ನೊಣ ಹೊರಗೆ ಹಾರಲಾಗದಂಥ ಚಳಿಗಾಲವನ್ನು ಆ ಎರಡು ಪೆಟ್ಟಿಗೆಗಳಲ್ಲಿ ಕಳೆದ ಕುಟುಂಬ. ಅಂಥ ಚಳಿಯೇ ಬೀಳದ ಕಡೆ, ವರ್ಷವಿಡೀ ಗೂಡಿನಲ್ಲಿ ಮರಿ ಇರುವ ಕಡೆ, ಈ ಕೆಲಸದ ಗೋಜೇ ಇಲ್ಲ. ಒಂದೇ ಪೆಟ್ಟಿಗೆಯಲ್ಲಿ ಚಳಿಗಾಲ ಕಳೆದ ಕುಟುಂಬಕ್ಕೂ ಇಲ್ಲ. ಅದಲು ಬದಲು ಮಾಡೋಕೆ ಇನ್ನೊಂದು ಪೆಟ್ಟಿಗೆ ಬೇಕಲ್ಲ!

ಚಳಿಗಾಲದಲ್ಲಿ ಒಳಗೆ ನಡೆಯುವುದು ಇಷ್ಟು. ಬಿಸಿ ಸುಮಾರು 14 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ನೊಣಗಳು ಒತ್ತೊತ್ತಾಗಿ ಸೇರಿ ಚೆಂಡಿನ ಆಕಾರದ ಗುಂಪಾಗುತ್ತವೆ. ಹಾರುವುದಕ್ಕೆ ಬಳಸುವ ಸ್ನಾಯುಗಳನ್ನೇ, ರೆಕ್ಕೆ ಆಡಿಸದೆ ನಡುಗಿಸಿ ಬಿಸಿ ಹುಟ್ಟಿಸುತ್ತವೆ. ಗುಂಪಿನ ಹೊರಪದರದ ನೊಣಗಳ ಮೈ 10 ಡಿಗ್ರಿಯ ಆಸುಪಾಸಿಗೆ ತಣ್ಣಗಾದರೂ ನಡುವೆ ಬೆಚ್ಚಗಿರುತ್ತದೆ. ನಡುವೆ ಮರಿ ಇದ್ದರಂತೂ ಅಲ್ಲಿ 34–35 ಡಿಗ್ರಿ ಇರಲೇಬೇಕು. ಇದಕ್ಕೆಲ್ಲ ಖರ್ಚಾಗುವುದು ಜೇನುತುಪ್ಪ. ಶರತ್ಕಾಲದಲ್ಲಿ ಗುಂಪು ಕೆಳಗಿರುತ್ತದೆ, ತುಪ್ಪ ಮೇಲಿರುತ್ತದೆ. ತಿನ್ನುತ್ತಾ ತಿನ್ನುತ್ತಾ ಗುಂಪು ಮೇಲಕ್ಕೆ ಸರಿಯುತ್ತದೆ. ಹಗಲು ಉದ್ದವಾಗತೊಡಗಿದ ಮೇಲೆ, ಹೊರಗೆ ಇನ್ನೂ ಹಿಮ ಇರುವಾಗಲೇ, ರಾಣಿ ಸ್ವಲ್ಪ ಸ್ವಲ್ಪ ಮೊಟ್ಟೆ ಇಡಲು ಶುರು ಮಾಡುತ್ತದೆ. ಆಗ ಗುಂಪು ಎಲ್ಲಿರುತ್ತದೋ ಅಲ್ಲೇ ಮರಿ. ಅಂದರೆ ಸಾಮಾನ್ಯವಾಗಿ ಮೇಲಿನ ಪೆಟ್ಟಿಗೆಯಲ್ಲಿ.

ಹೀಗಾಗಿ ವಸಂತದಲ್ಲಿ ಮುಚ್ಚಳ ತೆಗೆದರೆ ಕಾಣುವುದು ಒಂದು, ಒಳಗಿರುವುದು ಇನ್ನೊಂದು. ಮೇಲೆ ನೊಣ ಕಿಕ್ಕಿರಿದಿರುತ್ತವೆ, ಮರಿ ಇರುತ್ತದೆ, ಅಂಚಿನಲ್ಲಿ ತುಪ್ಪ ಇರುತ್ತದೆ. ‘ಅಯ್ಯೋ, ಜಾಗವೇ ಇಲ್ಲ’ ಅನ್ನಿಸುತ್ತದೆ. ಕೆಳಗೆ ನೋಡಿದರೆ ಇಡೀ ಒಂದು ಪೆಟ್ಟಿಗೆ ಖಾಲಿ ಬಿದ್ದಿರುತ್ತದೆ. ಖಾಲಿ ಎರಿ (ಮೇಣದ ಕೋಶಗಳ ಹಾಳೆ), ಅಲ್ಲಲ್ಲಿ ಬೂಷ್ಟು, ಅಡಿಮಣೆಯ ಮೇಲೆ ಸತ್ತ ನೊಣಗಳ ರಾಶಿ.

ಹಾಗಾದರೆ ನೊಣಗಳು ತಾವಾಗಿಯೇ ಕೆಳಗಿಳಿಯಬಾರದೇ? ಇಳಿಯುತ್ತವೆ. ಮರದ ಪೊಟರೆಯಲ್ಲಿರುವ ಜೇನು ಮಾಡುವುದೇ ಅದನ್ನು. ಮೇಲಿನಿಂದ ಎರಿ ಕಟ್ಟಿಕೊಂಡು ಬರುತ್ತದೆ, ಚಳಿಗಾಲದಲ್ಲಿ ತುಪ್ಪ ತಿನ್ನುತ್ತಾ ಮೇಲೇರುತ್ತದೆ, ಹೊಸ ಮಕರಂದ ಬಂದು ಮೇಲೆ ತುಂಬಿದ ಹಾಗೆ ಮರಿ ಕೆಳಕ್ಕೆ ಇಳಿಯುತ್ತದೆ. ಅಲ್ಲಿ ಪೆಟ್ಟಿಗೆ ತಿರುಗಿಸುವವರು, ಅಂದರೆ ಅದಲು ಬದಲು ಮಾಡುವವರು, ಯಾರೂ ಇಲ್ಲ. ಆದರೆ ಪೊಟರೆಯಲ್ಲಿ ಎರಿ ಮೇಲಿನಿಂದ ಕೆಳಗಿನವರೆಗೆ ಒಂದೇ ಹಾಳೆ. ನಮ್ಮ ಪೆಟ್ಟಿಗೆಯಲ್ಲಿ ಹಾಗಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಲೊರೆಂಜೊ ಲ್ಯಾಂಗ್‌ಸ್ಟ್ರಾತ್ ಅಂತ ಅಮೆರಿಕದ ಒಬ್ಬ ಪಾದ್ರಿ. 1851ರಲ್ಲಿ ಅವರಿಗೆ ಹೊಳೆದ ಸಂಗತಿ ಇದು: ಎರಡು ಭಾಗಗಳ ನಡುವೆ ಸುಮಾರು 6ರಿಂದ 9 ಮಿಲಿಮೀಟರ್ ಜಾಗ ಬಿಟ್ಟರೆ ಜೇನು ಅದನ್ನು ಓಡಾಡುವ ದಾರಿಯಾಗಿ ಇಟ್ಟುಕೊಳ್ಳುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಅಂಟು ತುಂಬುತ್ತದೆ, ಜಾಸ್ತಿ ಇದ್ದರೆ ಎರಿ ಕಟ್ಟುತ್ತದೆ. ಈ ಅಳತೆಯ ಮೇಲೆಯೇ, ಎರಿ ಕಟ್ಟುವ ಚೌಕಟ್ಟು ಎತ್ತಿ ನೋಡಬಹುದಾದ ಪೆಟ್ಟಿಗೆ ಮಾಡಿ 1852ರಲ್ಲಿ ಪೇಟೆಂಟ್ ಪಡೆದರು. ನಾವು ಇವತ್ತು ಒಂದು ಎರಿಯನ್ನೂ ಮುರಿಯದೆ ಗೂಡಿನ ಒಳಗೆ ನೋಡುತ್ತೇವೆ ಅಂದರೆ ಅದು ಆ ಕೆಲವು ಮಿಲಿಮೀಟರ್‌ಗಳ ಕೃಪೆ. ಆದರೆ ಇದೇ ಅನುಕೂಲಕ್ಕೆ ಜೇನು ಒಂದು ಬೆಲೆ ತೆರುತ್ತದೆ. ಮೇಲಿನ ಚೌಕಟ್ಟಿನ ಕೆಳಪಟ್ಟಿ, ಅದರ ಕೆಳಗೆ ಓಡಾಟದ ಜಾಗ, ಅದರ ಕೆಳಗೆ ಕೆಳಗಿನ ಚೌಕಟ್ಟಿನ ದಪ್ಪನೆಯ ಮೇಲ್ಪಟ್ಟಿ. ಎಲ್ಲ ಸೇರಿ ಎರಿಯಿಂದ ಎರಿಗೆ ಮೂರೂವರೆ, ನಾಲ್ಕು ಸೆಂಟಿಮೀಟರ್ ಅಂತರ. ರಾಣಿ ಇದನ್ನು ದಾಟುವುದೇ ಇಲ್ಲ ಅಂತಲ್ಲ. ಆದರೆ ವಸಂತದ ಆರಂಭದಲ್ಲಿ, ಕೆಳಗೆ ತಣ್ಣಗಿರುವಾಗ, ದಾಟುವುದಕ್ಕೆ ಹಿಂದೇಟು ಹಾಕುತ್ತದೆ. ಬಿಸಿ ಮೇಲಕ್ಕೇ ಏರುವುದರಿಂದ ಕುಟುಂಬವೂ ಮೇಲಕ್ಕೆ ಬೆಳೆಯಲು ನೋಡುತ್ತದೆ. ಮೇಲೆ ಮುಚ್ಚಳ!

ಪೆಟ್ಟಿಗೆ ತಿರುಗಿಸುವುದರ ಹಿಂದಿನ ಯೋಚನೆ ಇಷ್ಟೇ. ಅವು ಎತ್ತ ಬೆಳೆಯಲು ಬಯಸುತ್ತವೋ ಅತ್ತ ಖಾಲಿ ಜಾಗ ಒದಗಿಸುವುದು. ಮರಿ ಇರುವ ಪೆಟ್ಟಿಗೆ ಕೆಳಗೆ ಹೋದರೆ ಅದರ ತಲೆಯ ಮೇಲೆ ಖಾಲಿ ಎರಿ ಸಿಗುತ್ತದೆ.

ಜಾಗ ಸಿಗದಿದ್ದರೆ ಏನಾಗುತ್ತದೆ? ಪಾಲಾಗುತ್ತದೆ. ಅರ್ಧಕ್ಕಿಂತ ಹೆಚ್ಚು ನೊಣಗಳನ್ನು ಕರೆದುಕೊಂಡು ಹಳೆ ರಾಣಿ ಹೊರಟುಹೋಗುತ್ತದೆ. ಕಾರಣ ಬರೀ ಜಾಗ ಅಂತ ಹೇಳಲಾರೆ. ಆದರೆ ಮರಿಕೋಣೆಯ ಇಕ್ಕಟ್ಟು ದೊಡ್ಡ ಕಾರಣ. ವಸಂತದ ಲೆಕ್ಕ ನೋಡಿ. ಚಳಿಗಾಲಕ್ಕೆ ಹುಟ್ಟಿದ ನೊಣ ಆರು ತಿಂಗಳವರೆಗೂ ಬದುಕಬಲ್ಲದು, ಬೇಸಿಗೆಯದು ಸುಮಾರು ಆರು ವಾರ. ಹಳೆಯವು ಉದುರುತ್ತಿರುವಾಗಲೇ ಹೊಸವು ಹುಟ್ಟುತ್ತಿರುತ್ತವೆ. ಮೊದಲು ಸಂಖ್ಯೆ ಕುಸಿಯುತ್ತದೆ, ಅಥವಾ ಅಲ್ಲಾಡದೆ ನಿಲ್ಲುತ್ತದೆ. ಆಮೇಲೆ ಒಮ್ಮೆಲೇ ಏರುತ್ತದೆ. ಎರಡೂ ಕಡೆ ಮರಿ ತುಂಬಿ ಮುಚ್ಚಿರುವ ಒಂದು ಆಳದ ಚೌಕಟ್ಟಿನ ಕೋಶಗಳು ಒಡೆದರೆ, ಹುಟ್ಟುವ ನೊಣಗಳಿಗೆ ಕೂರಲು ಒಂದು ಚೌಕಟ್ಟು ಸಾಲದು, ಎರಡಾದರೂ ಬೇಕು. ಅಂಥ ಐದಾರು ಚೌಕಟ್ಟು ಎರಡು ವಾರದೊಳಗೆ ಒಡೆದರೆ? ‘ಹೋದ ವಾರ ನೋಡಿದಾಗ ಜಾಗ ಇತ್ತಲ್ಲ’ ಅಂತ ಜನ ಹೇಳುವುದು ಇದಕ್ಕೇ. ಹೋದ ವಾರ ಇದ್ದದ್ದು ನಿಜ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಯಾವಾಗ ತಿರುಗಿಸಬಾರದು? ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ವಸಂತದಲ್ಲಿ ಆಗುವ ಅನಾಹುತ ಬಹುಪಾಲು ಇಲ್ಲೇ.

ಹತ್ತು ಚೌಕಟ್ಟಿನ ಎರಡು ಪೆಟ್ಟಿಗೆ ಕಣ್ಣ ಮುಂದೆ ತಂದುಕೊಳ್ಳಿ. ಮೇಲಿನ ಪೆಟ್ಟಿಗೆಯಲ್ಲಿ ನಡುವಿನ ಐದು ಚೌಕಟ್ಟುಗಳ ಕೆಳ ಅರ್ಧದಲ್ಲಿ ಮರಿ ಇದೆ, ಅದರ ಮೇಲೆ ತುಪ್ಪ. ಕೆಳಗಿನ ಪೆಟ್ಟಿಗೆಯಲ್ಲಿ ನಡುವಿನ ಮೂರು ಚೌಕಟ್ಟುಗಳ ಮೇಲಿನ ಅರ್ಧದಲ್ಲೂ ಮರಿ ಇದೆ, ಅದರ ಕೆಳಗೆ ಖಾಲಿ. ಅಂದರೆ ಮರಿಯ ಚೆಂಡು ಎರಡೂ ಪೆಟ್ಟಿಗೆಗೆ ಹಂಚಿಕೊಂಡಿದೆ. ನೊಣಗಳು ಆ ಚೆಂಡಿನ ಸುತ್ತ ಒಂದೇ ಗುಂಪಾಗಿ ಕೂತು ಬಿಸಿ ಕೊಡುತ್ತಿವೆ. ಈಗ ಪೆಟ್ಟಿಗೆ ತಿರುಗಿಸಿ. ಕೆಳಗೆ ಹೋದ ಪೆಟ್ಟಿಗೆಯ ಮರಿ ಅಡಿಮಣೆಯ ಹತ್ತಿರ ಉಳಿಯಿತು. ಮೇಲೆ ಬಂದ ಪೆಟ್ಟಿಗೆಯ ಮರಿ ಮುಚ್ಚಳಕ್ಕೆ ತಾಗಿತು. ಎರಡರ ನಡುವೆ ಹತ್ತಿರ ಹತ್ತಿರ ಒಂದು ಅಡಿ ಅಂತರ, ಅದರಲ್ಲಿ ತಣ್ಣನೆಯ ತುಪ್ಪ ಮತ್ತು ಖಾಲಿ ಕೋಶ.

ಆ ರಾತ್ರಿ ಚಳಿ ಬಿದ್ದರೆ ನೊಣಗಳು ಏನು ಮಾಡಬೇಕು? ಗುಂಪು ಎರಡಾಗಿ ಒಡೆಯಬೇಕು, ಇಲ್ಲವೇ ಒಂದು ಕಡೆಯ ಮರಿಯನ್ನು ಬಿಡಬೇಕು. ಬಿಟ್ಟ ಮರಿ ತಣ್ಣಗಾಗಿ ಸಾಯುತ್ತದೆ. ಅದರಲ್ಲೂ ಅಂಚಿನ ಮರಿ ಮೊದಲು. ಕೆಲವು ದಿನಗಳ ನಂತರ ಬಾಗಿಲ ಮುಂದೆ ಬಣ್ಣ ಕೆಟ್ಟ ಮರಿಗಳನ್ನು ನೊಣಗಳು ಎಳೆದು ಹಾಕಿರುವುದು ಕಾಣುತ್ತದೆ. ಪೂರ್ತಿ ಸಾಯದೆ ಸುಮ್ನೆ ತಣ್ಣಗಾದ ಮರಿಗೂ ತೊಂದರೆ ತಪ್ಪಿದ್ದಲ್ಲ. ಆಸ್ಕೋಸ್ಫೇರಾ ಏಪಿಸ್ ಅನ್ನುವ ಶಿಲೀಂಧ್ರ ಅಂಥ ಮರಿಯಲ್ಲಿ ಸಲೀಸಾಗಿ ಬೆಳೆಯುತ್ತದೆ. ಮರಿ ಬೆಳ್ಳಗೆ ಗಟ್ಟಿಯಾಗಿ ಸೀಮೆಸುಣ್ಣದ ಚೂರಿನಂತೆ ಅಡಿಮಣೆಗೆ ಬೀಳುತ್ತದೆ. ಚಾಕ್‌ಬ್ರೂಡ್ ಅಂತ ಹೆಸರು ಬಂದದ್ದೇ ಹಾಗೆ. ರೋಗ ಎಲ್ಲಿಂದ ಬಂತು ಅಂತ ಸಾಕುವವರು ತಲೆ ಕೆಡಿಸಿಕೊಳ್ಳುತ್ತಾರೆ. ಶಿಲೀಂಧ್ರದ ಬೀಜಕಣ ಗೂಡಿನಲ್ಲಿ ಮೊದಲೂ ಇದ್ದಿರಬಹುದು, ಅದಕ್ಕೆ ಬೇಕಿದ್ದದ್ದು ತಂಪು.

ಇನ್ನೂ ಒಂದು ಮಾತು ಇದೆ. ಎರಡೂ ಪೆಟ್ಟಿಗೆಯಲ್ಲಿ ಮರಿ ಇದೆ ಅಂದರೆ ರಾಣಿ ಆಗಲೇ ಕೆಳಗಿಳಿದಿದೆ ಅಂತ ಅರ್ಥ. ನೀವು ಮಾಡಿಸಬೇಕಾದ ಕೆಲಸ ಅದೇ ಮಾಡಿಕೊಂಡಿದೆ. ಆಗ ನೀವು ಕೈ ಹಾಕುವುದು ಯಾವ ಲಾಭಕ್ಕೆ? ಅಂಥ ಗೂಡಿಗೆ ಮೇಲೊಂದು ಎರಿ ಇರುವ ಸೂಪರ್ (ತುಪ್ಪ ತುಂಬಲು ಮೇಲಿಡುವ ಪೆಟ್ಟಿಗೆ) ಇಟ್ಟು ಬಂದರೆ ಸಾಕು.

ಆದ್ದರಿಂದ ನನ್ನ ಲೆಕ್ಕದಲ್ಲಿ ತಿರುಗಿಸಲು ಯೋಗ್ಯವಾದ ಗೂಡು ಒಂದೇ ಬಗೆಯದು. ಮರಿ ಎಲ್ಲ ಮೇಲಿನ ಪೆಟ್ಟಿಗೆಯಲ್ಲೇ ಇರಬೇಕು. ಕೆಳಗಿನದು ಖಾಲಿ ಇರಬೇಕು. ನೊಣಗಳ ಸಂಖ್ಯೆ ಚೆನ್ನಾಗಿರಬೇಕು, ಅಂದರೆ ಮೇಲಿನ ಪೆಟ್ಟಿಗೆಯ ಏಳೆಂಟು ಚೌಕಟ್ಟುಗಳ ಸಂದು ಮುಚ್ಚುವಷ್ಟು. ಮೂರು ನಾಲ್ಕು ಚೌಕಟ್ಟಿಗೆ ಮಾತ್ರ ಸಾಲುವ ಪುಟ್ಟ ಕುಟುಂಬ ಇದ್ದರೆ ಅದಲು ಬದಲಿನ ಮಾತೇ ಬೇಡ. ಖಾಲಿ ಪೆಟ್ಟಿಗೆ ತೆಗೆದು ಪಕ್ಕಕ್ಕಿಡಿ, ಒಂದೇ ಪೆಟ್ಟಿಗೆಯಲ್ಲಿ ಬೆಚ್ಚಗೆ ಬಿಡಿ, ಬಾಗಿಲು ಕಿರಿದು ಮಾಡಿ. ಅದಕ್ಕೆ ಬೇಕಿರುವುದು ಬಿಸಿ. ಜಾಗದ ಚಿಂತೆ ಇನ್ನೂ ದೂರ.

ಮರಿ ಎಲ್ಲಿದೆ ಅಂತ ತಿಳಿಯಲು ಇಪ್ಪತ್ತು ಚೌಕಟ್ಟನ್ನೂ ಎತ್ತಬೇಕಿಲ್ಲ. ಹೊಗೆ ಸ್ವಲ್ಪ ಕೊಟ್ಟು, ಎರಡು ಪೆಟ್ಟಿಗೆಗಳ ನಡುವೆ ಹೈವ್ ಟೂಲ್ (ಗೂಡು ಬಿಚ್ಚುವ ಲೋಹದ ಪಟ್ಟಿ) ತೂರಿಸಿ ಅಂಟು ಬಿಡಿಸಿ. ಮೇಲಿನ ಪೆಟ್ಟಿಗೆಯನ್ನು ಹಿಂದಿನಿಂದ ಎತ್ತಿ, ಮುಂದಿನ ಅಂಚಿನ ಮೇಲೆ ವಾಲಿಸಿ. ಈಗ ಎರಡು ಸಂಗತಿ ಒಟ್ಟಿಗೆ ಕಾಣುತ್ತವೆ: ಮೇಲಿನ ಚೌಕಟ್ಟುಗಳ ತಳ, ಕೆಳಗಿನ ಚೌಕಟ್ಟುಗಳ ತಲೆ. ಕೆಳಗಿನ ಚೌಕಟ್ಟುಗಳ ಸಂದಿನಲ್ಲಿ ನೊಣ ದಟ್ಟವಾಗಿ ಕೂತಿದ್ದರೆ ಅಲ್ಲಿ ಮರಿ ಇರುವ ಅನುಮಾನ. ನಡುವಿನ ಒಂದೆರಡು ಚೌಕಟ್ಟು ಎತ್ತಿ ಖಾತ್ರಿ ಮಾಡಿಕೊಳ್ಳಿ. ನಾಲ್ಕಾರು ನೊಣ ಮಾತ್ರ ಓಡಾಡುತ್ತಿದ್ದರೆ ಬಹುತೇಕ ಖಾಲಿ. ಹೊಸ ರಾಣಿ ಬೆಳೆಯುವ ರಾಣಿ ಕೋಶಗಳೂ ಸಾಮಾನ್ಯವಾಗಿ ಮೇಲಿನ ಚೌಕಟ್ಟುಗಳ ತಳದ ಅಂಚಿನಲ್ಲೇ ನೇತಾಡುತ್ತವೆ. ಹಾಗಾಗಿ ಈ ಒಂದು ವಾಲಿಸುವಿಕೆಯಲ್ಲಿ ಅದನ್ನೂ ನೋಡಿದ ಹಾಗಾಗುತ್ತದೆ.

ಹೊತ್ತು ಯಾವುದು? ನೆರಳಿನಲ್ಲಿ 15 ಡಿಗ್ರಿ ದಾಟಿರುವ, ಗಾಳಿಯಿಲ್ಲದ ಮಧ್ಯಾಹ್ನ. ನೊಣಗಳು ಸರಾಗವಾಗಿ ಹಾರುತ್ತಿರಬೇಕು, ಕಾಲಲ್ಲಿ ಪರಾಗ ತರುತ್ತಿರಬೇಕು. ಉತ್ತರ ಗೋಳಾರ್ಧದಲ್ಲಿ ಇದು ಊರೂರಿಗೆ ತಕ್ಕಂತೆ ಮಾರ್ಚ್‌ನಿಂದ ಮೇ ನಡುವೆ, ದಕ್ಷಿಣದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬರುತ್ತದೆ. ಹೂವು ನೋಡುವುದು ಇನ್ನೂ ಒಳ್ಳೆಯದು. ವಿಲ್ಲೋ ಪರಾಗ ಬರುವಾಗ ಅವಸರ ಬೇಡ. ಡ್ಯಾಂಡೆಲಿಯನ್ ಅರಳಿ, ಹಣ್ಣಿನ ಮರಗಳು ಹೂ ಬಿಡುವ ಹೊತ್ತಿಗೆ ನೋಡಬಹುದು. ಆಮೇಲೆ ಮುಂದಿನ ಒಂದು ವಾರದ ರಾತ್ರಿಗಳ ಹವಾಮಾನ ನೋಡಿ. ಹಗಲಿನ ಬಿಸಿಲು ನೋಡಿ ಮೋಸ ಹೋಗುವವರು ಜಾಸ್ತಿ. ಮರಿ ಸಾಯುವುದು ರಾತ್ರಿ.

ಸರಿ, ಎಲ್ಲ ಕೂಡಿಬಂತು ಅಂದುಕೊಳ್ಳಿ. ಪಕ್ಕದಲ್ಲಿ ತಲೆಕೆಳಗು ಮಾಡಿದ ಹೊರಮುಚ್ಚಳ ಇಟ್ಟು ಅದರ ಮೇಲೆ ಮೇಲಿನ ಪೆಟ್ಟಿಗೆ ಇಳಿಸಿ. ತೂಕ ನೋಡಿಕೊಳ್ಳಿ. ತುಪ್ಪ ತುಂಬಿದ ಆಳದ ಪೆಟ್ಟಿಗೆ 35 ಕಿಲೋ ದಾಟುತ್ತದೆ. ವಸಂತದಲ್ಲಿ ಅಷ್ಟು ಇರಲಾರದು, ಆದರೂ ಮರಿ, ನೊಣ, ಉಳಿದ ತುಪ್ಪ ಸೇರಿ ಹಗುರವೇನಲ್ಲ. ಇಬ್ಬರಿದ್ದರೆ ಒಳ್ಳೆಯದು. ಒಬ್ಬರೇ ಇದ್ದರೆ ಚೌಕಟ್ಟುಗಳನ್ನು ಖಾಲಿ ಪೆಟ್ಟಿಗೆಗೆ ಒಂದೊಂದಾಗಿ ವರ್ಗಾಯಿಸಿ. ಆದರೆ ಇದ್ದ ಸಾಲಿನಲ್ಲೇ, ಇದ್ದ ಮುಖದಲ್ಲೇ. ಮೂರನೆಯದು ಮೂರನೆಯದಾಗಿಯೇ ಇರಬೇಕು, ಎಡಕ್ಕಿದ್ದ ಮುಖ ಎಡಕ್ಕೇ. ಮರಿಯ ಚೆಂಡು ಚೌಕಟ್ಟಿನಿಂದ ಚೌಕಟ್ಟಿಗೆ ಹರಡಿಕೊಂಡಿರುತ್ತದೆ. ಒಂದು ಚೌಕಟ್ಟು ಆಚೀಚೆಯಾದರೂ ಅದು ಕಡಿದು ಹೋಗುತ್ತದೆ.

ಎರಡು ಪೆಟ್ಟಿಗೆಗಳನ್ನು ಬೇರೆ ಮಾಡುವಾಗ ಚೌಕಟ್ಟುಗಳ ನಡುವೆ ಕಟ್ಟಿದ್ದ ಅಡ್ಡ ಎರಿ ಹರಿಯುತ್ತದೆ. ಅದರಲ್ಲಿ ಸಾಮಾನ್ಯವಾಗಿ ಗಂಡು ಮರಿಗಳಿರುತ್ತವೆ. ಅಲ್ಲೇ ಒಂದು ನಿಮಿಷ ನಿಲ್ಲಿ. ಹಾಲುಬಿಳಿ ಬಣ್ಣದ ಪ್ಯೂಪಾಗಳು ಒಡೆದು ಪಟ್ಟಿಯ ಮೇಲೆ ಬಿದ್ದಿರುತ್ತವೆ. ಆ ಬಿಳಿಯ ಮೇಲೆ ಕೆಂಪು ಮಿಶ್ರಿತ ಕಂದು ಚುಕ್ಕೆ ಓಡಾಡುತ್ತಿದೆಯಾ ನೋಡಿ. ಒಂದೂವರೆ ಮಿಲಿಮೀಟರ್ ಅಗಲ, ಚಪ್ಪಟೆ, ಅಡ್ಡಡ್ಡ ಮೊಟ್ಟೆಯಾಕಾರ. ಅದು ವರೋವಾ ನುಸಿ, ಜೇನನ್ನೇ ತಿಂದು ಬದುಕುವ ಪರಾವಲಂಬಿ. ಕೆಲಸಗಾರ ಮರಿಗಿಂತ ಗಂಡು ಮರಿಯನ್ನೇ ಅದು ಹೆಚ್ಚು ಹುಡುಕಿಕೊಂಡು ಹೋಗುತ್ತದೆ, ಯಾಕೆಂದರೆ ಗಂಡು ಮರಿ ಮುಚ್ಚಿದ ಕೋಶದಲ್ಲಿ ಜಾಸ್ತಿ ದಿನ ಇರುತ್ತದೆ. ಬಿಳಿ ಮೈಯ ಮೇಲೆ ಕಂದು ನುಸಿ ಎದ್ದು ಕಾಣುವಷ್ಟು ಸ್ಪಷ್ಟವಾಗಿ ಗೂಡಿನ ಬೇರೆಲ್ಲೂ ಕಾಣುವುದಿಲ್ಲ. ಜನ ಇದನ್ನು ಕೆರೆದು ಎಸೆದು ಮುಂದೆ ಹೋಗುತ್ತಾರೆ. ನಾನಾದರೆ ಎಸೆಯುವ ಮೊದಲು ಒಂದೊಂದನ್ನೂ ನೋಡುತ್ತೇನೆ. ಪೆಟ್ಟಿಗೆ ತಿರುಗಿಸುವ ಕೆಲಸದಿಂದ ಏನೂ ಲಾಭ ಆಗದಿದ್ದರೂ ಈ ಒಂದು ಸಮಾಚಾರಕ್ಕಾಗಿ ಗೂಡು ಬಿಚ್ಚಿದ್ದು ಸಾರ್ಥಕ. ಆದರೆ ಇಲ್ಲಿ ನುಸಿ ಕಾಣಲಿಲ್ಲ ಅಂದ ಮಾತ್ರಕ್ಕೆ ಗೂಡಿನಲ್ಲಿ ಇಲ್ಲ ಅಂತ ನಂಬಬೇಡಿ. ಸರಿಯಾದ ಲೆಕ್ಕ ಬೇಕಾದರೆ ನೊಣಗಳನ್ನು ತೊಳೆದು ಉದುರಿದ ನುಸಿ ಎಣಿಸುವ ಪರೀಕ್ಷೆಯೇ ಆಗಬೇಕು.

ಖಾಲಿ ಪೆಟ್ಟಿಗೆಯನ್ನೂ ತೆಗೆದ ಮೇಲೆ ಅಡಿಮಣೆ ಬರಿದಾಗುತ್ತದೆ. ಸತ್ತ ನೊಣ, ಮೇಣದ ಪುಡಿ, ಕೆಲವೊಮ್ಮೆ ಇಲಿ ಗೂಡು. ಕೆರೆದು ಗುಡಿಸಿ. ಬೂಷ್ಟು ಹಿಡಿದ ಎರಿ ನೋಡಿ ಹೆದರಬೇಡಿ. ನೊಣಗಳ ಉಸಿರಿನ ತೇವ ತಣ್ಣನೆಯ ಕಡೆ ನೀರಾಗಿ ಕೂತಿರುತ್ತದೆ, ಅದರಿಂದ ಬೂಷ್ಟು. ಅವು ಬಂದು ಶುಚಿ ಮಾಡಿಕೊಳ್ಳುತ್ತವೆ. ಬೆಳಕಿಗೆ ಹಿಡಿದರೂ ಆಚೆ ಕಾಣದಷ್ಟು ಕಪ್ಪಾಗಿರುವ ಹಳೆ ಎರಿಗಳನ್ನು ತೆಗೆದುಹಾಕಲು ಇಡೀ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಮರಿ ಇಲ್ಲ, ತುಪ್ಪ ಇಲ್ಲ, ಯಾರಿಗೂ ತೊಂದರೆ ಇಲ್ಲ. ತೆಗೆದ ಜಾಗಕ್ಕೆ ಕಟ್ಟಿದ ಎರಿ ಇದ್ದರೆ ಅದನ್ನೇ ಕೊಡಿ. ಬರೀ ಮೇಣದ ಹಾಳೆ ಕೊಡುವುದಾದರೆ ಪೆಟ್ಟಿಗೆಯ ಅಂಚಿಗೆ ಕೊಡಿ. ಚಳಿ ಇನ್ನೂ ಇರುವಾಗ ಮರಿಯ ನೇರ ತಲೆಯ ಮೇಲೆ ಹಾಳೆ ಇಟ್ಟರೆ ಅದು ಗೋಡೆ ಕಟ್ಟಿದ ಹಾಗೆಯೇ.

ಇನ್ನು ಮರಿ ಇರುವ ಪೆಟ್ಟಿಗೆಯನ್ನು ಅಡಿಮಣೆಯ ಮೇಲೆ, ಖಾಲಿಯದನ್ನು ಅದರ ಮೇಲೆ. ಇಲ್ಲಿಗೆ ಮುಗಿಯಿತು ಅಂತ ಬಹಳ ಜನ ಮುಚ್ಚಳ ಹಾಕುತ್ತಾರೆ. ಆದರೆ ಮೊದಲು ಮರಿಯ ಮೇಲಿದ್ದ ತುಪ್ಪದ ಪಟ್ಟಿ ಎಲ್ಲಿಗೆ ಹೋಯಿತು ಯೋಚಿಸಿ. ಅದು ಈಗ ಎರಡು ಪೆಟ್ಟಿಗೆಗಳ ನಡುವೆ ಬಂತು. ಕೆಳಗೆ ಮರಿ, ಮೇಲೆ ಖಾಲಿ ಎರಿ, ಮಧ್ಯೆ ಮುಚ್ಚಿದ ತುಪ್ಪ. ರಾಣಿ ತುಪ್ಪದ ಪಟ್ಟಿಯವರೆಗೆ ಬಂದು ‘ಮನೆ ಇಲ್ಲಿಗೆ ಮುಗಿಯಿತು’ ಅಂತ ತಿರುಗಿಬಿಡಬಹುದು. ಎರಡು ಬೆರಳು ಅಗಲದ ಪಟ್ಟಿ ಇದ್ದರೆ ಚಿಂತೆ ಇಲ್ಲ. ಮರಿ ಸಾಕಲು ಅವೇ ತಿಂದು ಖಾಲಿ ಮಾಡುತ್ತವೆ. ಅಂಗೈ ಅಗಲಕ್ಕಿಂತ ಜಾಸ್ತಿ ಇದ್ದರೆ ನಡುವಿನ ಎರಡು ಮೂರು ಚೌಕಟ್ಟುಗಳಲ್ಲಿ ತುಪ್ಪದ ಮೇಣದ ಮುಚ್ಚಳವನ್ನು ಹೈವ್ ಟೂಲ್ ಮೂಲೆಯಿಂದ ಲಘುವಾಗಿ ಗೀರಿ. ಒಡೆದ ಕೋಶವನ್ನು ನೊಣಗಳು ಹಾಗೇ ಬಿಡುವುದಿಲ್ಲ. ತುಪ್ಪವನ್ನು ಮೇಲಕ್ಕೆ ಸಾಗಿಸುತ್ತವೆ, ಇಲ್ಲ ತಿನ್ನುತ್ತವೆ. ದಾರಿ ತೆರೆಯುತ್ತದೆ. ಆದರೆ ಅಕ್ಕಪಕ್ಕದ ಗೂಡುಗಳು ಕೊಳ್ಳೆ ಹೊಡೆಯಲು ಹೊಂಚು ಹಾಕುವ ದಿನ, ಅಂದರೆ ಹೊರಗೆ ಮಕರಂದ ಇಲ್ಲದ ದಿನ, ಇದನ್ನು ಮಾಡಬೇಡಿ.

ಚಿಕ್ಕದಾದರೂ ಮರೆಯುವ ಒಂದು ಸಂಗತಿ ಇದೆ. ಚಳಿಗಾಲಕ್ಕೆ ಅಂತ ಮೇಲಿನ ಪೆಟ್ಟಿಗೆಗೆ ತೂತು ಕೊರೆದು ಮೇಲ್ಬಾಗಿಲು ಮಾಡಿರುತ್ತಾರೆ. ಪೆಟ್ಟಿಗೆ ಕೆಳಗೆ ಹೋದಾಗ ಆ ಬಾಗಿಲೂ ಕೆಳಗೆ ಹೋಗುತ್ತದೆ. ಮೇವಿಗೆ ಹೋದ ನೊಣಗಳು ಬಂದು ಹಳೆ ಎತ್ತರದಲ್ಲೇ ಗೋಡೆ ತಡಕಾಡುತ್ತವೆ. ಒಂದೆರಡು ದಿನದಲ್ಲಿ ಕಲಿಯುತ್ತವೆ, ಗಾಬರಿ ಬೇಡ. ಆದರೆ ಈಗ ಮರಿ ಬಾಗಿಲ ಹತ್ತಿರಕ್ಕೆ ಬಂದಿರುವುದರಿಂದ ಕೆಳಬಾಗಿಲನ್ನು ಇನ್ನೂ ಕೆಲವು ವಾರ ಕಿರಿದಾಗಿಯೇ ಇಡಿ.

ತಿಂಡಿಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹಸಿವಿನಿಂದ ಗೂಡು ಸಾಯುವುದು ಕಡುಚಳಿಯಲ್ಲಿ ಅಂತ ಜನ ಅಂದುಕೊಳ್ಳುತ್ತಾರೆ. ನಿಜವಾಗಿ ಅಪಾಯ ಜಾಸ್ತಿ ಇರುವುದು ಚಳಿ ಮುಗಿಯುವಾಗ. ಗುಂಪು ಸುಮ್ಮನೆ ಕೂತಿದ್ದಾಗ ಖರ್ಚು ಕಡಿಮೆ. ಮರಿ ಸಾಕಲು ಶುರುವಾದ ಮೇಲೆ 35 ಡಿಗ್ರಿ ಕಾಯ್ದುಕೊಳ್ಳಬೇಕು, ಮರಿಗೂ ಉಣ್ಣಿಸಬೇಕು, ಹೊರಗೆ ಹೂವೂ ಸರಿಯಾಗಿ ಬಂದಿರುವುದಿಲ್ಲ. ಒಂದು ವಾರ ಮಳೆ ಹಿಡಿದರೆ ಮುಗಿಯಿತು. ತುಂಬಿದ ಒಂದು ಆಳದ ಚೌಕಟ್ಟಿನಲ್ಲಿ ಎರಡೂವರೆಯಿಂದ ಮೂರು ಕಿಲೋ ತುಪ್ಪ ಇರುತ್ತದೆ. ಎರಡು ಮೂರು ಚೌಕಟ್ಟಿನಷ್ಟಾದರೂ ಗೂಡಿನಲ್ಲಿ ಇಲ್ಲದಿದ್ದರೆ ಪೆಟ್ಟಿಗೆ ತಿರುಗಿಸುವ ಯೋಚನೆ ಬಿಟ್ಟು ಮೊದಲು ಸಕ್ಕರೆ ಪಾಕ ಕೊಡಿ. ತಿರುಗಿಸಿದ ಮೇಲೆ ತುಪ್ಪದ ಚೌಕಟ್ಟು ಮರಿಗೆ ತಾಗಿಕೊಂಡೇ ಇರಬೇಕು ಅನ್ನುವುದನ್ನೂ ಮರೆಯಬೇಡಿ. ಚಳಿ ತಿರುಗಿ ಬಂದು ಗುಂಪು ಮುದುಡಿದರೆ, ನಾಲ್ಕು ಬೆರಳು ಆಚೆ ಇರುವ ತುಪ್ಪವೂ ಸಿಗದೆ ನೊಣಗಳು ಸಾಯುತ್ತವೆ. ತಲೆ ಖಾಲಿ ಕೋಶದೊಳಗೆ ತೂರಿಸಿಕೊಂಡು ಸತ್ತಿರುವ ನೊಣಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು.

ತಿರುಗಿಸುವುದಕ್ಕೆ ಬದಲಿ ದಾರಿ ಇಲ್ಲವೇ ಅಂತ, ನಾನು ಇದನ್ನೆಲ್ಲ ಹೇಳುತ್ತಿರುವಾಗ ಮಧ್ಯದಲ್ಲಿ ಕೇಳುಗರೊಬ್ಬರು ಕೇಳಿದರು. ಇವೆ. ಅಮೆರಿಕದ ವಾಲ್ಟ್ ರೈಟ್ ಅನ್ನುವವರು ಮರಿಕೋಣೆಯನ್ನು ಮುಟ್ಟದೆ, ಅದರ ಮೇಲಿನ ತುಪ್ಪದ ಚೌಕಟ್ಟುಗಳ ನಡುವೆ ಒಂದು ಬಿಟ್ಟು ಒಂದರಂತೆ ಖಾಲಿ ಎರಿ ಸೇರಿಸುವ ಪದ್ಧತಿ ಹೇಳಿದರು. ತುಪ್ಪದ ಚಾವಣಿ ಒಡೆದಂತಾಗುತ್ತದೆ, ಮರಿಗೆ ಕೈ ಹಾಕಿದಂತಾಗುವುದಿಲ್ಲ. ಮೇಲೆ ತುಪ್ಪ ಚೆನ್ನಾಗಿ ಉಳಿದಿರುವ, ಬಲವಾದ ಗೂಡಿಗೆ ನನಗೆ ಇದೇ ಹೆಚ್ಚು ಇಷ್ಟ. ಕೆಂಟಕಿಯ ಜಾರ್ಜ್ ಡೆಮಾರೀ 1892ರಲ್ಲಿ ಪ್ರಕಟಿಸಿದ ವಿಧಾನ ಇನ್ನೊಂದು. ರಾಣಿಯನ್ನು ಕೆಳಗೆ ಉಳಿಸಿ, ಮರಿಯನ್ನು ರಾಣಿ ದಾಟಲಾಗದ ಜಾಲರಿಯ ಮೇಲಕ್ಕೆ ಕಳಿಸುವುದು. ಅದು ಪಾಲು ತಡೆಯಲು ಗಟ್ಟಿ ವಿಧಾನ, ಆದರೆ ಕೆಲಸ ಜಾಸ್ತಿ, ಮತ್ತು ಚಳಿ ಪೂರ್ತಿ ಹೋದ ಮೇಲಿನ ಮಾತು. ಫ್ರಾನ್ಸಿನ ಪಾದ್ರಿ ಎಮಿಲ್ ವಾರೆ ಅವರ ಗೂಡಿನಲ್ಲಂತೂ ಹೊಸ ಪೆಟ್ಟಿಗೆಯನ್ನು ಕೆಳಗೇ ಸೇರಿಸುತ್ತಾರೆ, ಪೊಟರೆಯ ಜೇನಿನಂತೆ ಅವು ಇಳಿದುಕೊಂಡು ಬರಲಿ ಅಂತ. ಏನೂ ಮಾಡದೆ ಮೇಲೊಂದು ಸೂಪರ್ ಇಟ್ಟು ಸುಮ್ಮನಿರುವವರೂ ಇದ್ದಾರೆ, ಅವರ ಗೂಡುಗಳೂ ಬದುಕಿವೆ.

ರಾಣಿಯನ್ನು ಹುಡುಕಲೇಬೇಕಾ ಅಂತ ಇನ್ನೊಬ್ಬರು ಕೇಳಿದರು. ಬೇಕಿಲ್ಲ. ಕೋಶದ ತಳದಲ್ಲಿ ನೆಟ್ಟಗೆ ನಿಂತ ಮೊಟ್ಟೆ ಕಂಡರೆ ರಾಣಿ ಒಂದೆರಡು ದಿನದ ಹಿಂದೆ ಅಲ್ಲಿತ್ತು ಅಂತ ಅರ್ಥ. ಅಷ್ಟು ಸಾಕು. ಹುಡುಕುತ್ತಾ ಕೂತು ಮರಿ ತಣ್ಣಗೆ ಮಾಡುವುದಕ್ಕಿಂತ ಬೇಗ ಮುಚ್ಚುವುದು ಮೇಲು.

ಸತ್ತ ಗೂಡಿನ ಎರಿ ಇದಕ್ಕೆ ಬಳಸಬಹುದಾ ಅನ್ನುವ ಪ್ರಶ್ನೆಯೂ ಬಂತು. ಯಾಕೆ ಸತ್ತಿತು ಅಂತ ಗೊತ್ತಾಗುವವರೆಗೆ ಬೇಡ. ಹಸಿವಿನಿಂದ ಸತ್ತಿದ್ದರೆ ಎರಿ ಒಳ್ಳೆಯದೇ. ಆದರೆ ಮುಚ್ಚಿದ ಕೋಶಗಳು ಕುಗ್ಗಿ ತೂತಾಗಿದ್ದರೆ, ಕಡ್ಡಿ ಹಾಕಿ ಎಳೆದಾಗ ಕಂದು ಬಣ್ಣದ ನೂಲು ಬಂದರೆ, ಕೋಶದ ತಳಕ್ಕೆ ಕಪ್ಪು ಹಕ್ಕಳೆ ಅಂಟಿದ್ದರೆ, ಅದು ಅಮೆರಿಕನ್ ಫೌಲ್‌ಬ್ರೂಡ್ ಅನ್ನುವ ಮರಿಯ ಬ್ಯಾಕ್ಟೀರಿಯಾ ರೋಗ ಇರಬಹುದು. ಅದರ ಬೀಜಕಣಗಳು ಎರಿಯಲ್ಲಿ ದಶಕಗಳ ಕಾಲ ಜೀವಂತ ಉಳಿಯುತ್ತವೆ. ಅಂಥ ಎರಿ ಇನ್ನೊಂದು ಗೂಡಿಗೆ ಹೋಗಲೇಬಾರದು. ಹಲವು ದೇಶಗಳಲ್ಲಿ ಈ ರೋಗ ಕಂಡರೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ.

ಕೊನೆಗೆ ಒಬ್ಬರು ಕೇಳಿದ್ದು: ವಾಲಿಸಿ ನೋಡಿದಾಗ ರಾಣಿ ಕೋಶ ಕಂಡರೆ? ಬಟ್ಟಲಿನಂಥ ಒಣ ಕೋಶ ಸುಮ್ನೆ ಕಟ್ಟಿಟ್ಟಿದ್ದರೆ ಚಿಂತೆ ಇಲ್ಲ. ಅದನ್ನು ಅವು ಎಷ್ಟೋ ಸಲ ಕಟ್ಟಿ ಬಿಡುತ್ತವೆ. ಒಳಗೆ ಬೆಳ್ಳನೆಯ ರಾಜಶಾಹಿ ರಸದಲ್ಲಿ (ರಾಣಿ ಮರಿಗೆ ಉಣ್ಣಿಸುವ ಆಹಾರ) ಮರಿ ತೇಲುತ್ತಿದ್ದರೆ ಅವು ನಿರ್ಧಾರ ಮಾಡಿಯಾಗಿದೆ. ಇನ್ನು ಪೆಟ್ಟಿಗೆ ತಿರುಗಿಸಿದರೆ ನಿಲ್ಲುವುದಿಲ್ಲ, ಕುಟುಂಬವನ್ನು ನೀವೇ ಎರಡು ಮಾಡಬೇಕು. ರಾಣಿ ಕೋಶ ಮೊಟ್ಟೆಯಿಂದ ಎಂಟನೇ ದಿನದ ಆಸುಪಾಸಿಗೆ ಮುಚ್ಚುತ್ತದೆ, ಹವೆ ಚೆನ್ನಾಗಿದ್ದರೆ ಪಾಲು ಹೊರಡುವುದೂ ಹೆಚ್ಚುಕಡಿಮೆ ಆಗಲೇ. ಹಾಗಾಗಿ ತಿರುಗಿಸಿದ ಗೂಡನ್ನು ಏಳರಿಂದ ಒಂಬತ್ತು ದಿನದೊಳಗೆ ಮತ್ತೆ ವಾಲಿಸಿ ನೋಡಿ. ಮೇಲಿನ ಪೆಟ್ಟಿಗೆಯ ನಡುವಿನ ಚೌಕಟ್ಟುಗಳಲ್ಲಿ ಮೊಟ್ಟೆ ಕಂಡರೆ ರಾಣಿ ಮೇಲೇರಿದೆ. ಇನ್ನು ಸೂಪರ್ ಇಡುವ ತಯಾರಿ ಮಾಡಿಕೊಳ್ಳಿ. ಎರಡನೇ ಸಲ ತಿರುಗಿಸುವವರೂ ಇದ್ದಾರೆ, ಹತ್ತು ಹದಿನಾಲ್ಕು ದಿನಕ್ಕೊಮ್ಮೆ. ಆದರೆ ಆಗ ಎರಡೂ ಪೆಟ್ಟಿಗೆಯಲ್ಲಿ ಮರಿ ಇರುವುದು ಸಹಜ, ಆದ್ದರಿಂದ ನಾನು ಅದಕ್ಕೆ ಹೋಗುವುದಿಲ್ಲ.